ಜೈಸಲ್ಮೇರ್‌ನ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಹೋದರೆ ಎಲ್ಲಿ ಉಳಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಥಾರ್ ಮರುಭೂಮಿಗೆ ಹೊರಟವರಲ್ಲಿ ಬಹಳ ಮಂದಿ ಮೊದಲು ರೈಲು, ವಿಮಾನದ ಟಿಕೆಟ್ ಮಾಡಿಸುತ್ತಾರೆ. ಆಮೇಲೆ ಫೋಟೊದಲ್ಲಿ ಚೆನ್ನಾಗಿ ಕಂಡ ಟೆಂಟೊಂದನ್ನು ಬುಕ್ ಮಾಡುತ್ತಾರೆ. ಹಕ್ಕಿ ನೋಡಲು ಹೋದವರು ನಡುರಾತ್ರಿಯವರೆಗೆ ಡಿಜೆ ಕೇಳುವುದು, ಹಾಡು ಕುಣಿತ ಬೇಕೆಂದು ಹೋದವರು ಸದ್ದಿಲ್ಲದ ಗುಡಿಸಲಲ್ಲಿ ಎಂಟು ಗಂಟೆಗೇ ಮುಸುಕು ಹಾಕುವುದು, ಎರಡೂ ಆಗುವುದು ಹೀಗೆಯೇ. ಇಲ್ಲಿ ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ಏನು ನೋಡುತ್ತೀರಿ ಎಂಬುದು ನಿಂತಿದೆ. ಹೊರಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು, ಉತ್ತರಗಳು ಕೆಳಗಿವೆ.

ಡೆಸರ್ಟ್ ನ್ಯಾಷನಲ್ ಪಾರ್ಕ್ ಅಂದರೆ ಸಮ್ ಮರಳುದಿಬ್ಬಗಳೇ ಅಲ್ಲವೇ?

ಅಲ್ಲ. ಎಲ್ಲ ಗೊಂದಲದ ಮೂಲ ಇದೇ. ಸಮ್ ಇರುವುದು ಉದ್ಯಾನದ ಅಂಚಿಗೆ ತಾಗಿದಂತೆ. ಉದ್ಯಾನ ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿ.ಮೀ. ಹರಡಿಕೊಂಡಿದೆ. ಅದರಲ್ಲಿ ಮರಳುದಿಬ್ಬ ಇರುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಜಲ್ಲಿಬಯಲು, ಸೇವಣ್ ಹುಲ್ಲಿನ ಬಯಲು, ಅಲ್ಲಲ್ಲಿ ಖೇಜಡಿ ಮರಗಳು.

ಇನ್ನೊಂದು ವಿಷಯ. ಹೆಸರಿಗೆ ರಾಷ್ಟ್ರೀಯ ಉದ್ಯಾನವಾದರೂ ಕಾನೂನಿನ ಲೆಕ್ಕದಲ್ಲಿ ಇದು 1980ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಒಳಗೆ ಹತ್ತಾರು ಹಳ್ಳಿಗಳಿವೆ, ಕುರಿ ಮೇಕೆ ಮೇಯುತ್ತವೆ, ಡಾಂಬರು ರಸ್ತೆ ಹಾದುಹೋಗುತ್ತದೆ. ಬಂಡೀಪುರ, ನಾಗರಹೊಳೆಯಂತೆ ಒಂದು ಗೇಟು, ಒಂದು ಸಫಾರಿ ಕೌಂಟರು, ಪಕ್ಕದಲ್ಲೊಂದು ಜಂಗಲ್ ಲಾಡ್ಜು ಎಂಬ ಲೆಕ್ಕ ಇಟ್ಟುಕೊಂಡು ಹೋದರೆ ತಬ್ಬಿಬ್ಬಾಗುತ್ತೀರಿ.

ಉಳಿಯಲು ಎಲ್ಲೆಲ್ಲಿ ಜಾಗ ಇದೆ?

ನಾಲ್ಕು ಕಡೆ. ಜೈಸಲ್ಮೇರ್ ಪೇಟೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್. ನೈಋತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದ, ಕೊಂಚ ಹೆಚ್ಚೇ ಎನ್ನಬಹುದಾದ ಖುರಿ ಹಳ್ಳಿ. ಕೊನೆಯದು ಉದ್ಯಾನದೊಳಗೆ ಸುದಾಸರಿಯ ಅರಣ್ಯ ಇಲಾಖೆ ಗುಡಿಸಲುಗಳು. ಬಾಡ್ಮೇರ್ ಕಡೆಯಿಂದಲೂ ಉದ್ಯಾನ ತಲುಪಬಹುದು. ಆದರೆ ಪ್ರವಾಸಿಗರಿಗೆಂದು ಮಾಡಿದ ವಸತಿ ಆ ಕಡೆ ಕಡಿಮೆ, ಮೊದಲ ಸಲ ಹೋಗುವವರು ಆ ಯೋಚನೆ ಬಿಡುವುದೇ ಒಳ್ಳೆಯದು.

ಸಮ್‌ನ ಡೆಸರ್ಟ್ ಕ್ಯಾಂಪ್‌ಗಳು ಹೇಗಿರುತ್ತವೆ? ಅಲ್ಲಿ ಉಳಿಯಬಹುದೇ?

ಉಳಿಯಬಹುದು, ಏನು ಸಿಗುತ್ತದೆ ಎಂದು ತಿಳಿದುಕೊಂಡು ಹೋದರೆ. ರಸ್ತೆಯ ಎರಡೂ ಬದಿ ಸಾಲುಸಾಲಾಗಿ ಕ್ಯಾಂಪುಗಳು. ಎಲ್ಲ ಕಡೆ ದಿನಚರಿ ಹೆಚ್ಚುಕಡಿಮೆ ಒಂದೇ. ಮಧ್ಯಾಹ್ನ ಮೂರರ ಮೇಲೆ ಚೆಕ್‌ಇನ್, ಚಹಾ. ಸೂರ್ಯಾಸ್ತಕ್ಕೆ ಒಂಟೆ ಸವಾರಿ ಅಥವಾ ಜೀಪು. ಕತ್ತಲಾದ ಮೇಲೆ ಅಂಗಳದ ನಡುವೆ ಬೆಂಕಿ, ಸುತ್ತ ಗಾದಿ ದಿಂಬು, ಕಾಲ್ಬೇಲಿಯಾ ಕುಣಿತ, ಮಾಂಗಣಿಯಾರ್ ಹಾಡು. ಬಫೆ ಊಟ. ಬೆಳಿಗ್ಗೆ ತಿಂಡಿ ತಿಂದು ಹತ್ತರೊಳಗೆ ಖಾಲಿ ಮಾಡಬೇಕು.

‘ಸ್ವಿಸ್ ಟೆಂಟ್’ ಎಂದು ಬರೆದಿರುವುದನ್ನು ನೋಡಿ ತಂಬು ಎಂದು ಹೆದರಬೇಡಿ. ಸಿಮೆಂಟು ಕಟ್ಟೆಯ ಮೇಲೆ ಕ್ಯಾನ್ವಾಸ್ ಗೋಡೆ, ಒಳಗೆ ಡಬಲ್ ಕಾಟ್, ಹಿಂಬದಿಗೆ ಕಮೋಡ್ ಇರುವ ಬಚ್ಚಲು. ಬಾಗಿಲಿನ ಬದಲು ಜಿಪ್. ಗಾಳಿ ಎದ್ದ ದಿನ ಎಷ್ಟೇ ಜಿಪ್ ಎಳೆದರೂ ನುಣುಪಾದ ಮರಳು ಒಳಗೆ ಬಂದೇ ಬರುತ್ತದೆ. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಸಣ್ಣ ಪದರ, ಚಪ್ಪಲಿಯೊಳಗೆ ಒಂದು ಚಿಟಿಕೆ, ಟೂತ್‌ಬ್ರಷ್ಷಿನ ಎಳೆಗಳ ನಡುವೆ ಇನ್ನಷ್ಟು. ಇದು ಕ್ಯಾಂಪಿನವರ ತಪ್ಪಲ್ಲ. ಕ್ಯಾಮೆರಾ ಲೆನ್ಸ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿಡಿ.

ಕ್ಯಾನ್ವಾಸ್ ಗೋಡೆ ಸದ್ದನ್ನು ತಡೆಯುವುದಿಲ್ಲ. ನಿಮ್ಮ ಕ್ಯಾಂಪಿನವರು ಹತ್ತು ಗಂಟೆಗೆ ಸ್ಪೀಕರ್ ನಿಲ್ಲಿಸಿದರೂ ಪಕ್ಕದವರು ನಿಲ್ಲಿಸಬೇಕಲ್ಲ? ರಜೆಯ ದಿನಗಳಲ್ಲಿ ಜಾನಪದ ಹಾಡು ಮುಗಿದ ಮೇಲೆ ಸಿನಿಮಾ ಹಾಡು ಶುರುವಾಗುತ್ತದೆ. ಗೆಳೆಯರ ಗುಂಪು, ಮಕ್ಕಳಿರುವ ಸಂಸಾರ ಒಂದು ರಾತ್ರಿ ಖುಷಿಯಾಗಿ ಕಳೆಯಲು ಸಮ್ ಸರಿಯೇ. ಎರಡನೇ ರಾತ್ರಿಗೆ ಅಲ್ಲಿ ಹೊಸದೇನೂ ಇರುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಲ್ಬೇಲಿಯಾ ಹಾಡು ಕುಣಿತ 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಕಲೆ. ಊಟದ ಸಾಲಿನಲ್ಲಿ ನಿಂತು ಬೆನ್ನು ತಿರುಗಿಸಿಕೊಂಡು ನೋಡುವಂಥದ್ದಲ್ಲ. ಕಲಾವಿದರಿಗೆ ನೇರವಾಗಿ ಕೈಗೆ ಏನಾದರೂ ಕೊಡಿ. ಪ್ಯಾಕೇಜಿನ ಹಣದಲ್ಲಿ ಅವರ ಪಾಲು ಎಷ್ಟೆಂದು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ.

ಖುರಿ ಬೇರೆ ಹೇಗೆ?

ಖುರಿ ಮೊದಲಿನಿಂದಲೂ ಇರುವ ಹಳ್ಳಿ. ಮಣ್ಣುಗೋಡೆಯ, ಹುಲ್ಲು ಹೊದಿಸಿದ ಮನೆಗಳು, ಊರಾಚೆ ಮರಳುದಿಬ್ಬ. ಸಮ್‌ನಷ್ಟು ಗದ್ದಲ ಇಲ್ಲ. ಊರಿನವರೇ ನಡೆಸುವ ಗೆಸ್ಟ್‌ಹೌಸ್‌ಗಳಲ್ಲಿ ದುಂಡನೆಯ ಗುಡಿಸಲು ಕೊಡುತ್ತಾರೆ, ಅದಕ್ಕೆ ಅಲ್ಲಿನವರು ‘ಝೋಂಪಾ’ ಅನ್ನುತ್ತಾರೆ. ದಪ್ಪ ಮಣ್ಣುಗೋಡೆ ಇರುವುದರಿಂದ ಹಗಲು ತಂಪು, ರಾತ್ರಿ ಟೆಂಟಿಗಿಂತ ಬೆಚ್ಚಗೆ. ಬಚ್ಚಲು ಕೆಲವು ಕಡೆ ಹೊರಗೆ, ಬಿಸಿನೀರು ಬಕೆಟ್ಟಿನಲ್ಲಿ. ಊಟ ಮನೆಯ ಅಡುಗೆ: ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ (ಮರುಭೂಮಿಯ ಕಾಯಿ, ಖೇಜಡಿ ಕೋಡುಗಳ) ಪಲ್ಯ, ಕಢಿ.

ಐಷಾರಾಮ ಬೇಡ, ನಿದ್ದೆ ಮತ್ತು ನಕ್ಷತ್ರ ಬೇಕು ಅನ್ನುವವರಿಗೆ ನಾನು ಹೇಳುವುದು ಖುರಿಯನ್ನೇ. ಆದರೆ ಇಲ್ಲಿಯೂ ‘ಹೋಮ್‌ಸ್ಟೇ’ ಎಂದು ಬೋರ್ಡು ಹಾಕಿಕೊಂಡ ದೊಡ್ಡ ರೆಸಾರ್ಟ್‌ಗಳಿವೆ. ಎಷ್ಟು ಕೋಣೆ ಎಂದು ಕೇಳಿ. ಸಂಖ್ಯೆ ಎರಡಂಕಿ ದಾಟಿದರೆ ಅದು ಮನೆಯಲ್ಲ.

ಉದ್ಯಾನದ ಒಳಗೇ ಮಲಗಬಹುದೇ?

ಸುದಾಸರಿಯಲ್ಲಿ ಅರಣ್ಯ ಇಲಾಖೆಯ ಗುಡಿಸಲುಗಳಿವೆ. ಜೈಸಲ್ಮೇರ್‌ನಿಂದ ಸುಮಾರು 60 ಕಿ.ಮೀ. ಅನುಮತಿ, ಬುಕಿಂಗ್ ಎರಡೂ ಜೈಸಲ್ಮೇರ್‌ನಲ್ಲಿರುವ ಉದ್ಯಾನದ ಕಚೇರಿಯ ಮೂಲಕ. ಬುಕಿಂಗ್ ಆ್ಯಪ್‌ಗಳಲ್ಲಿ ಹುಡುಕಬೇಡಿ. ಗುಡಿಸಲುಗಳು ಬೆರಳೆಣಿಕೆಯಷ್ಟು, ಅಧಿಕಾರಿಗಳು ಸಂಶೋಧಕರು ಬಂದರೆ ಅವರಿಗೆ ಮೊದಲ ಆದ್ಯತೆ. ಫೋನಿನಲ್ಲಿ ಸಿಕ್ಕ ‘ಹೂಂ’ ನಂಬಿ ನೇರ ಹೋಗದೆ, ಕೈಯಲ್ಲಿ ಕಾಗದ ಹಿಡಿದೇ ಹೋಗಿ.

ಸೌಕರ್ಯ ಸಾಧಾರಣ. ಊಟಕ್ಕೆ ಯಾರಿದ್ದಾರೆ, ಏನು ಸಿಗುತ್ತದೆ ಎಂಬುದನ್ನು ಬುಕ್ ಮಾಡುವಾಗಲೇ ಕೇಳಿ. ಕುಡಿಯುವ ನೀರು, ಟಾರ್ಚು, ಪವರ್‌ಬ್ಯಾಂಕು, ಒಣ ತಿಂಡಿ ನಿಮ್ಮ ಜೊತೆಗಿರಲಿ. ಅಂಗಡಿ ಇಲ್ಲ. ಅಲ್ಲಿ ರಾತ್ರಿ ಉಳಿದವರಿಗೆ ಸಿಗುವ ಲಾಭ ಒಂದೇ, ಆದರೆ ದೊಡ್ಡದು: ಬೆಳಗಿನ ಮೊದಲ ಒಂದು ಗಂಟೆ. ಇಬ್ಬನಿ ಆರದ ಹುಲ್ಲಿನ ಮೇಲೆ ಚಿಂಕಾರಾ ಎಂಬ ಪುಟ್ಟ ಹುಲ್ಲೆಗಳು ತಲೆ ಎತ್ತಿ ನಿಂತಿರುತ್ತವೆ, ಮರಳಿನಲ್ಲಿ ರಾತ್ರಿ ಓಡಾಡಿದ ನರಿಯ ಹೆಜ್ಜೆ ಇನ್ನೂ ಅಳಿಸಿರುವುದಿಲ್ಲ. ಪೇಟೆಯಿಂದ ಬರುವ ಜೀಪು ತಲುಪುವ ಹೊತ್ತಿಗೆ ಬಿಸಿಲು ಏರಿ, ಗಾಳಿ ಶುರುವಾಗಿರುತ್ತದೆ.

ಗೋಡಾವಣ ನೋಡಲೆಂದೇ ಹೋಗುತ್ತಿದ್ದೇವೆ. ಎಲ್ಲಿ ಉಳಿದರೆ ಅವಕಾಶ ಹೆಚ್ಚು?

ಗೋಡಾವಣ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಸಿರುಗುಪ್ಪದ ಕಡೆ ಒಂದು ಕಾಲಕ್ಕೆ ಧಾರಾಳವಾಗಿದ್ದ ಎರ್ಲಡ್ಡು. ಒಂದು ಮೀಟರ್ ಎತ್ತರ, ಗಂಡು 15 ಕಿಲೊವರೆಗೂ ತೂಗುವ ಹಕ್ಕಿ. ಕಾಡಿನಲ್ಲಿ ಉಳಿದಿರುವುದು ಎರಡು ನೂರಕ್ಕೂ ಕಡಿಮೆ, ಅದರಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲಿ. ಹೈಟೆನ್ಷನ್ ತಂತಿಗೆ ಡಿಕ್ಕಿ ಹೊಡೆದು ಸಾಯುವುದೇ ಇವತ್ತು ಅದಕ್ಕಿರುವ ದೊಡ್ಡ ಅಪಾಯ. ಮುಂದಕ್ಕೆ ನೇರ ನೋಡುವ ದೃಷ್ಟಿ ಕಡಿಮೆ, ಮೈ ಭಾರ, ತಂತಿ ಕಂಡ ಮೇಲೆ ತಿರುಗಲು ಆಗುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಈ ತಂತಿಗಳ ಬಗ್ಗೆಯೇ ಆದೇಶ ಕೊಟ್ಟಿತ್ತು.

ಸುದಾಸರಿ ಸಿಕ್ಕರೆ ಅದೇ ಮೊದಲ ಆಯ್ಕೆ. ಸಿಗದಿದ್ದರೆ ಸಮ್‌ನ ಗದ್ದಲದಿಂದ ದೂರ ಇರುವ ಕ್ಯಾಂಪು ಅಥವಾ ಖುರಿ, ಜೊತೆಗೆ ಹಕ್ಕಿ ಬಲ್ಲ ಸ್ಥಳೀಯ ಗೈಡ್. ಗೈಡ್ ಯಾರೆಂದು ಗೊತ್ತಾದ ಮೇಲೆ ಕೋಣೆ ಬುಕ್ ಮಾಡಿ, ಅದರ ಉಲ್ಟಾ ಬೇಡ. ಗೈಡ್‌ನ ಊರಿಗೆ ಹತ್ತಿರ ಉಳಿದರೆ ನಸುಕಿನಲ್ಲೇ ಹೊರಡಬಹುದು. ಗೋಡಾವಣ ‘ಗ್ಯಾರಂಟಿ’ ತೋರಿಸುತ್ತೇವೆ ಅನ್ನುವವರಿಂದ ದೂರ ಇರಿ. ಹಕ್ಕಿ ಕಾಣದಿದ್ದರೂ ಚಳಿಗಾಲದಲ್ಲಿ ಹದ್ದು, ರಣಹದ್ದು, ಗೌಜಲಕ್ಕಿಗಳಿಗೆ ಬರವಿಲ್ಲ, ಅದೃಷ್ಟವಿದ್ದರೆ ವಲಸೆ ಬರುವ ಹೌಬಾರಾ ಬಸ್ಟರ್ಡ್ ಕೂಡ ಕಾಣಬಹುದು.

ಜೈಸಲ್ಮೇರ್ ಕೋಟೆಯೊಳಗಿನ ಹೋಟೆಲ್ ಹೇಗೆ?

ಕಣ್ಣಿಗೆ ಹಬ್ಬ, ಮನಸ್ಸಿಗೆ ಸ್ವಲ್ಪ ಕಸಿವಿಸಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆಯಲ್ಲಿ ಇವತ್ತಿಗೂ ಜನ ವಾಸವಿದ್ದಾರೆ. ಹಿಂದೆ ಕೊಡದಲ್ಲಿ ನೀರು ಹೊತ್ತು ತಂದು ಬಳಸುತ್ತಿದ್ದ ಜಾಗಕ್ಕೆ ಕೊಳಾಯಿ, ಶವರ್, ಫ್ಲಷ್ ಬಂದ ಮೇಲೆ ನೀರು ತಳಕ್ಕೆ ಇಂಗಿ ಗುಡ್ಡದ ಮಣ್ಣು ಸಡಿಲವಾಗತೊಡಗಿತು, ಬುರುಜುಗಳು ಕುಸಿದವು. ಅಪಾಯದಲ್ಲಿರುವ ಸ್ಮಾರಕವೆಂದು 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿತ್ತು. 2013ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣವೂ ಹೌದು.

ಒಳಗೆ ಸುತ್ತಾಡಿ, ಚಹಾ ಕುಡಿಯಿರಿ, ಊಟ ಮಾಡಿ. ಸ್ನಾನ, ನಿದ್ದೆ ಹೊರಗಿರಲಿ ಎಂಬುದು ನನ್ನ ಅಭಿಪ್ರಾಯ. ಕೋಟೆಯ ಬುಡದ ಬೀದಿಗಳಲ್ಲಿ, ಗಡೀಸರ್ ಕೆರೆಯ ಕಡೆಗೆ ಮಾಳಿಗೆಯಿಂದ ಇಡೀ ಕೋಟೆ ಕಾಣುವ ಹೋಟೆಲ್‌ಗಳಿವೆ. ಒಳಗೆ ಉಳಿದವರಿಗೆ ಈ ನೋಟ ಸಿಗುವುದಿಲ್ಲ. ಜೊತೆಗೆ ಕಾರು ಕೋಟೆಯೊಳಗೆ ಹೋಗುವುದಿಲ್ಲ, ಏರುದಾರಿಯಲ್ಲಿ ಸೂಟ್‌ಕೇಸ್ ಎಳೆಯಬೇಕು. ಸರ್ಕಾರಿ ವಸತಿ ಬೇಕೆನ್ನುವವರಿಗೆ ರಾಜಸ್ಥಾನ ಪ್ರವಾಸೋದ್ಯಮ ನಿಗಮದ ಹೋಟೆಲ್ ಮೂಮಲ್ ಪೇಟೆಯಲ್ಲಿದೆ.

ಎಷ್ಟು ರಾತ್ರಿ ಬೇಕು? ಹೇಗೆ ಹಂಚಿಕೊಳ್ಳುವುದು?

ಮೂರು ರಾತ್ರಿ ಇದ್ದರೆ ನೆಮ್ಮದಿ. ಮೊದಲ ರಾತ್ರಿ ಪೇಟೆಯಲ್ಲಿ, ಮರುದಿನ ಬೆಳಿಗ್ಗೆ ಕೋಟೆ, ಹವೇಲಿಗಳು. ಎರಡನೇ ರಾತ್ರಿ ಖುರಿ ಅಥವಾ ಸುದಾಸರಿ. ಮೂರನೆಯದು ಮತ್ತೆ ಪೇಟೆಗೆ, ಮರಳು ತೊಳೆದುಕೊಳ್ಳಲು. ಸಮ್‌ಗೆ ಹೋಗುವುದಿದ್ದರೆ ದಾರಿಯಲ್ಲಿ ಕುಲಧರಾ ಎಂಬ ಪಾಳುಬಿದ್ದ ಊರು ನೋಡಿಕೊಂಡು ಹೋಗಬಹುದು. ಎರಡೇ ರಾತ್ರಿ ಇದ್ದರೆ ಒಂದು ಪೇಟೆ, ಒಂದು ಮರಳು.

ಜೋಧ್‌ಪುರದಿಂದ ರಸ್ತೆಯಲ್ಲಿ ಬರುವವರು ಫಲೋಡಿ ಹತ್ತಿರ ಒಂದು ರಾತ್ರಿ ಸೇರಿಸಿಕೊಳ್ಳಬಹುದು. ಪಕ್ಕದ ಖೀಚನ್‌ನಲ್ಲಿ ಚಳಿಗಾಲದ ಬೆಳಿಗ್ಗೆ ಸಾವಿರಾರು ಕುರ್ಜಾ ಕೊಕ್ಕರೆಗಳು ಊರವರು ಚೆಲ್ಲುವ ಕಾಳಿಗೆ ಇಳಿಯುತ್ತವೆ. ಉದ್ಯಾನಕ್ಕೆ ಸಂಬಂಧವಿಲ್ಲದ ಜಾಗ ನಿಜ, ಆದರೂ ಬಿಟ್ಟು ಹೋಗುವುದು ದಡ್ಡತನ.

ಯಾವ ತಿಂಗಳಲ್ಲಿ ಹೋಗಬೇಕು?

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ಭಾಗದವರೆಗೆ. ಮೇ, ಜೂನ್‌ನಲ್ಲಿ 45 ಡಿಗ್ರಿ ದಾಟುವುದು ಮಾಮೂಲು. ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಆ ತಿಂಗಳುಗಳಲ್ಲಿ ಬಹಳ ಕ್ಯಾಂಪುಗಳು ಬಾಗಿಲು ಹಾಕಿರುತ್ತವೆ. ತೆರೆದಿರುವವರು ಕೊಡುವ ಭರ್ಜರಿ ಡಿಸ್ಕೌಂಟಿಗೆ ಮರುಳಾಗಬೇಡಿ.

ಚಳಿಗಾಲದಲ್ಲೂ ಮೂರು ಸಮಯ ತಪ್ಪಿಸಿದರೆ ದುಡ್ಡು ಉಳಿಯುತ್ತದೆ. ದೀಪಾವಳಿಯ ಮರುವಾರ, ಆಗ ಗುಜರಾತಿನ ಜನ ಸಾಗರದಂತೆ ಬರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ಮಾಘ ಹುಣ್ಣಿಮೆಯ ಆಸುಪಾಸಿನ ಮರು ಮಹೋತ್ಸವ, ಅಂದರೆ ಜೈಸಲ್ಮೇರ್‌ನ ಮರುಭೂಮಿ ಉತ್ಸವ. ಉತ್ಸವ ನೋಡಲೆಂದೇ ಹೋಗುವುದಾದರೆ ತಿಂಗಳುಗಳ ಮೊದಲೇ ಕೋಣೆ ಹಿಡಿಯಿರಿ. ನಕ್ಷತ್ರ ನೋಡಬೇಕಾದರೆ ಅಮಾವಾಸ್ಯೆಯ ಹಿಂದುಮುಂದಿನ ದಿನ ಆರಿಸಿ. ಕ್ಯಾಂಪಿನವರು ಹುಣ್ಣಿಮೆಯನ್ನೇ ಹೊಗಳುತ್ತಾರೆ, ಬೆಳದಿಂಗಳ ಮರಳು ಚೆಂದವೇ, ಆದರೆ ಆಕಾಶದಲ್ಲಿ ಚಂದ್ರ ಬಿಟ್ಟು ಬೇರೇನೂ ಕಾಣುವುದಿಲ್ಲ.

ಎಸಿ ಟೆಂಟ್‌ಗೆ ಹೆಚ್ಚು ಹಣ ಕೊಡಬೇಕೇ?

ನವೆಂಬರ್‌ನಿಂದ ಫೆಬ್ರವರಿವರೆಗೆ ಖಂಡಿತ ಬೇಡ. ಆ ಹಣಕ್ಕೆ ಇನ್ನೆರಡು ರಜಾಯಿ ಕೇಳಿ. ಡಿಸೆಂಬರ್, ಜನವರಿ ರಾತ್ರಿ 5 ಡಿಗ್ರಿಗೂ ಕೆಳಗಿಳಿಯುತ್ತದೆ, ಮತ್ತು ಮರುಭೂಮಿ ಅಂದರೆ ಸೆಖೆ ಎಂದುಕೊಂಡು ತೆಳು ಬಟ್ಟೆಯಲ್ಲಿ ಬಂದವರು ಬೆಂಕಿಯ ಮುಂದಿನಿಂದ ಏಳುವುದೇ ಇಲ್ಲ. ಉಣ್ಣೆ ಟೋಪಿ, ಕಾಲುಚೀಲ, ಒಳಗೆ ಥರ್ಮಲ್ ಬೇಕೇ ಬೇಕು. ಸೂರ್ಯ ಮೂಡುವುದೇ ಏಳು ಗಂಟೆ ದಾಟಿದ ಮೇಲೆ, ಅಲ್ಲಿಯತನಕ ಚಳಿ ಕಡಿಮೆಯಾಗುವುದಿಲ್ಲ.

ಬುಕ್ ಮಾಡುವ ಮೊದಲು ಏನು ಕೇಳಬೇಕು?

ದರ ಒಬ್ಬರಿಗೋ ಟೆಂಟಿಗೋ? ಇಲ್ಲಿ ಹೆಚ್ಚಿನವರು ಒಬ್ಬರ ಲೆಕ್ಕದಲ್ಲಿ ಹೇಳುತ್ತಾರೆ. ಜಿಎಸ್‌ಟಿ ಸೇರಿದೆಯೇ? ಒಂಟೆ ಸವಾರಿ ಎಷ್ಟು ಹೊತ್ತು, ಜೀಪಿಗೆ ಬೇರೆ ಹಣವೇ? ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ? ಜನರೇಟರ್ ನಿಮ್ಮ ಟೆಂಟಿನ ಬೆನ್ನಿಗೇ ಇದೆಯೇ? ಸಂಗೀತ ಎಷ್ಟು ಗಂಟೆಗೆ ನಿಲ್ಲುತ್ತದೆ? ಮುಖ್ಯವಾಗಿ, ‘ದಿಬ್ಬದ ಪಕ್ಕದಲ್ಲೇ’ ಎಂದರೆ ನಡೆದು ಹೋಗುವಷ್ಟು ಹತ್ತಿರವೋ, ಗಾಡಿ ಬೇಕೋ? ಮ್ಯಾಪಿನ ಲೊಕೇಶನ್ ಕಳಿಸಿ ಅನ್ನಿ. ಉಪಗ್ರಹ ಚಿತ್ರದಲ್ಲಿ ದಿಬ್ಬ ಎಲ್ಲಿದೆ, ರಸ್ತೆ ಎಲ್ಲಿದೆ ಎಂದು ನೀವೇ ನೋಡಿಕೊಳ್ಳಬಹುದು.

ಹೋದ ಮೇಲೆ ಅಲ್ಲೇ ನೋಡಿ ಆರಿಸಬಹುದೇ?

ವಾರದ ನಡುವಿನ ದಿನಗಳಲ್ಲಿ ಚೌಕಾಸಿ ಮಾಡಿ ಕಡಿಮೆ ದರಕ್ಕೆ ಸಿಗುವುದುಂಟು. ಆದರೆ ಲಪ್ಕಾಗಳ ಕಾಟ ತಿಳಿದಿರಲಿ. ಲಪ್ಕಾ ಅಂದರೆ ಕಮಿಷನ್ ಏಜೆಂಟ್. ಹೊರಗಿನ ನಂಬರ್ ಪ್ಲೇಟಿನ ಕಾರು ಕಂಡರೆ ಬೈಕಿನಲ್ಲಿ ಪಕ್ಕಕ್ಕೇ ಬಂದು, ಓಡುವ ಗಾಡಿಯ ಕಿಟಕಿಗೆ ಕಾರ್ಡು ಚಾಚುತ್ತಾರೆ. ನೀವು ಬುಕ್ ಮಾಡಿದ ಕ್ಯಾಂಪ್ ಮುಚ್ಚಿಹೋಗಿದೆ, ಬೆಂಕಿ ಬಿದ್ದಿದೆ, ಫುಲ್ ಆಗಿದೆ ಅನ್ನುತ್ತಾರೆ. ನಿಲ್ಲಿಸಬೇಡಿ. ಕ್ಯಾಂಪಿಗೆ ಫೋನ್ ಮಾಡಿ ಅವರಿಂದಲೇ ತಿಳಿದುಕೊಳ್ಳಿ. ರೈಲು ನಿಲ್ದಾಣದಲ್ಲಿ ತೀರಾ ಅಗ್ಗಕ್ಕೆ ಕೋಣೆ ಕೊಡುತ್ತೇನೆ ಅಂದವರ ಲೆಕ್ಕವೂ ಸರಳ: ಕೋಣೆಯಲ್ಲಿ ಬಿಟ್ಟದ್ದನ್ನು ಒಂಟೆ ಸಫಾರಿಯಲ್ಲಿ ವಸೂಲು ಮಾಡುತ್ತಾರೆ. ಸಫಾರಿ ಬೇಡ ಅಂದರೆ ಮುಖ ಬದಲಾಗುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಹೋಗಬಹುದು. ಅವರ ನಿದ್ದೆ ಪೇಟೆಯ ಹೋಟೆಲ್‌ನಲ್ಲಿರಲಿ, ಸಂಜೆಗೆ ದಿಬ್ಬ ನೋಡಿ ಊಟ ಮುಗಿಸಿ ವಾಪಸ್ ಬನ್ನಿ. 40 ಕಿ.ಮೀ. ರಸ್ತೆ ಚೆನ್ನಾಗಿದೆ. ಟೆಂಟ್‌ನಲ್ಲೇ ಉಳಿಯಬೇಕೆಂದರೆ ಊಟದ ಜಾಗಕ್ಕೆ ಹತ್ತಿರದ್ದನ್ನು ಕೇಳಿ. ಕತ್ತಲಲ್ಲಿ ಮರಳಿನ ಮೇಲೆ ನಡೆಯುವುದು ಮಂಡಿನೋವಿನವರಿಗೆ ಕಷ್ಟ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುವುದರಿಂದ ಕೂತವರು ಜೋರಾಗಿ ಮುಂದಕ್ಕೆ ಮುಗ್ಗರಿಸುತ್ತಾರೆ, ಬೆನ್ನುನೋವಿದ್ದವರಿಗೆ ಒಂಟೆ ಗಾಡಿಯೇ ಸರಿ.

ಬಯಲಿನಲ್ಲೇ, ಮರಳಿನ ಮೇಲೆ ಮಲಗಬೇಕೆಂಬ ಆಸೆ. ಹಾವು, ಚೇಳಿನ ಭಯ ಇಲ್ಲವೇ?

ಒಂಟೆ ಸಫಾರಿಯವರು ದಿಬ್ಬದ ಮೇಲೆ ಹಾಸಿಗೆ, ರಜಾಯಿ ಹಾಸಿಕೊಡುತ್ತಾರೆ. ಥಾರ್‌ನಲ್ಲಿ ಗರಗಸ ಮಂಡಲದಂಥ ವಿಷದ ಹಾವುಗಳಿವೆ, ಆದರೆ ಕೊರೆಯುವ ಚಳಿಯಲ್ಲಿ ಅವು ಹೊರಗೆ ಓಡಾಡುವುದು ಅಪರೂಪ. ಬೆಚ್ಚಗಿನ ತಿಂಗಳಲ್ಲಿ ಹೋಗುವುದಾದರೆ ನೆಲದ ಬದಲು ಚಾರ್‌ಪಾಯಿ ಮಂಚ ಕೇಳಿ. ರಾತ್ರಿ ನಿಮ್ಮನ್ನು ನಿಜಕ್ಕೂ ಭೇಟಿಯಾಗುವುದು ಕರಿ ಜೀರುಂಡೆಗಳು. ಕಚ್ಚುವುದಿಲ್ಲ, ಹಾಸಿಗೆ ಹತ್ತಿ ಇಳಿದು ಹೋಗುತ್ತವೆ ಅಷ್ಟೇ. ಶೂ ಕೊಡವಿ ಹಾಕಿಕೊಳ್ಳಿ, ಪ್ಲಾಸ್ಟಿಕ್ಕನ್ನು ಪೇಟೆಗೆ ವಾಪಸ್ ತನ್ನಿ.

ನೆಟ್‌ವರ್ಕ್, ಎಟಿಎಂ?

ಸಮ್ ಸುತ್ತ ಸಿಗ್ನಲ್ ಇದೆ, ಒಳಗೆ ಹೋದಂತೆ ಕೈಕೊಡುತ್ತದೆ. ಯುಪಿಐ ನಂಬಿಕೊಂಡು ಹೋಗಬೇಡಿ, ನಗದು ಜೈಸಲ್ಮೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಪೆಟ್ರೋಲ್ ಕೂಡ.

ಗಡಿಯ ಕಡೆಯ ತಾನೋಟ್ ದೇವಸ್ಥಾನ, 1971ರ ಯುದ್ಧಭೂಮಿ ಲೋಂಗೇವಾಲಾ ಹತ್ತಿರ ಉಳಿಯಬೇಕೇ?

ಬೇಡ. ತಾನೋಟ್ ಜೈಸಲ್ಮೇರ್‌ನಿಂದ ಸುಮಾರು 120 ಕಿ.ಮೀ., ಬೆಳಿಗ್ಗೆ ಹೊರಟರೆ ಎರಡನ್ನೂ ನೋಡಿ ಸಂಜೆಗೆ ಪೇಟೆ ಸೇರಬಹುದು. ಅದಕ್ಕೆ ಒಂದಿಡೀ ದಿನ ಬಿಡಿ, ಉದ್ಯಾನದ ದಿನದ ಜೊತೆ ಜೋಡಿಸಬೇಡಿ.

ಜೊತೆಗೆ ವಿದೇಶಿ ಪಾಸ್‌ಪೋರ್ಟ್ ಇರುವವರು ಬರುತ್ತಿದ್ದಾರೆ. ತೊಂದರೆ ಇದೆಯೇ?

ಸಮ್, ಖುರಿಯಲ್ಲಿ ಅವರು ಉಳಿಯುವುದು ಸಾಮಾನ್ಯ ಸಂಗತಿ. ಪಶ್ಚಿಮಕ್ಕೆ ಪಾಕಿಸ್ತಾನದ ಗಡಿ ಇರುವುದರಿಂದ ಇನ್ನೂ ಮುಂದಿನ ಪ್ರದೇಶಗಳಿಗೆ ಜಿಲ್ಲಾಡಳಿತದ ಅನುಮತಿ ಬೇಕು. ಕೋಣೆ ಬುಕ್ ಮಾಡುವಾಗಲೇ ಯಾವ ದೇಶದ ಪಾಸ್‌ಪೋರ್ಟ್ ಎಂದು ಹೇಳಿಬಿಡಿ. ವಿದೇಶಿ ಅತಿಥಿಗಳ ವಿವರವನ್ನು ಹೋಟೆಲ್‌ನವರು ನಿಗದಿತ ಫಾರ್ಮ್‌ನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಲೇಬೇಕು, ಸಣ್ಣ ಹೋಮ್‌ಸ್ಟೇಗಳಲ್ಲಿ ಕೆಲವರಿಗೆ ಆ ವ್ಯವಸ್ಥೆ ಇರುವುದಿಲ್ಲ.

ಡ್ರೋನ್ ಒಯ್ಯಬಹುದೇ?

ಮನೆಯಲ್ಲೇ ಬಿಟ್ಟು ಬನ್ನಿ. ಗಡಿ ಜಿಲ್ಲೆ, ಮೇಲಾಗಿ ವನ್ಯಜೀವಿಧಾಮ. ಕ್ಯಾಂಪಿನವರು ‘ಏನೂ ಆಗಲ್ಲ ಸಾರ್’ ಅಂದರೂ ಪೊಲೀಸರಿಗೆ ಉತ್ತರ ಕೊಡಬೇಕಾದವರು ನೀವೇ.